ಏಳು ಕುಂದಿನ ಕ್ಯಾಮೆರಾ

ಇಳಕಲ್ಲ
೧೮ ಮೇ ೨೦೨೫, ರವಿವಾರ

ಬಾಗಲಕೋಟೆ ನವನಗರದ ಸ್ಟುಡಿಯೋ ಮಾಲಕರೂ ವಿದ್ಯಾಳ ಅಪ್ಪನೂ ಆದ ಮಹಾಂತೇಶ ಅವರಿಗೆ,

ಗೀತಾಂಜಲಿಯ ನಮಸ್ಕಾರ. ನಾನು, ವಿದ್ಯಾ, ನಮ್ಮವ್ವ ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ನೀವೂ ಗಟ್ಟಿಮುಟ್ಟಾಗಿದ್ದೀರಿ ಎಂಬುದು ನಿಮ್ಮ ಕಾಗದದ ಸಿಟ್ಟಿನಿಂದಲೇ ತಿಳಿಯಿತು.

ಆ ಕಾಗದ ಗುರುವಾರ ತಲುಪಿತು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನೀವು ನನಗೆ ಬರೆದ ಮೊದಲ ಕಾಗದ, ಅದೂ ಸ್ಟುಡಿಯೋದ ಲೆಟರ್‌ಹೆಡ್ಡಿನ ಮೇಲೆ. ಮೇಲೆ ನಿಮ್ಮ ಹೆಸರು, ಎರಡು ಫೋನ್ ನಂಬರು, ‘ಮದುವೆ, ಸೀಮಂತ, ಡ್ರೋನ್’ ಎಂಬ ಸಾಲು. ಕೆಳಗೆ ನನ್ನ ಕ್ಯಾಮೆರಾದ ಏಳು ಕುಂದುಗಳು, ಒಂದೊಂದಕ್ಕೂ ನಂಬರು. ವಿದ್ಯಾ ಪಡಸಾಲೆಯಲ್ಲಿ ನಿಂತು ಶಾಲೆಯ ಪ್ರಾರ್ಥನೆಯ ದನಿಯಲ್ಲಿ ಓದಿದಳು. ಮಗ್ಗದ ಹತ್ತಿರ ಕೂತಿದ್ದ ನಮ್ಮವ್ವ ಐದನೆಯ ಕುಂದಿನವರೆಗೆ ಸುಮ್ಮನೆ ಕೇಳಿ, ಆಮೇಲೆ, “ಹೆಂಡತಿಗಿ ಬರದ ಪತ್ರ ಏನವ್ವಾ ಇದು? ಎಮ್ಮಿ ಸಂತ್ಯಾಗ ಹಲ್ಲ ಎಣಿಸಿದಾಂಗ ಐತಿ” ಎಂದಳು. ನನಗೂ ನಗು ಬಂತು. ನಕ್ಕೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಫೋನಿನಲ್ಲಿ ನಾನು ಮಾತು ಅರ್ಧಕ್ಕೇ ಕಡಿದುಬಿಡುತ್ತೇನೆಂದು ಕಾಗದ ಬರೆದಿರಂತೆ. ಒಳ್ಳೆಯದೇ ಆಯಿತು. ಫೋನಿನಲ್ಲಿ ಎರಡು ಮಾತಿಗೆ ನನಗೆ ಅಳು ಬಂದು, ಅಲ್ಲಿಗೆ ನೀವು ಗೆದ್ದಂತಾಗುತ್ತದೆ. ಕಾಗದದ ಮೇಲೆ ಆ ಭಯವಿಲ್ಲ. ನಿಮ್ಮ ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ: “ಆ ಡಬ್ಬಿ ಅಲ್ಲೇ ಬಿಟ್ಟು, ಸಾಲಿ ಸುರು ಆಗೂದ್ರೊಳಗ ಬಂದುಬಿಡು. ಆದದ್ದೆಲ್ಲಾ ಮರೀತೇನಿ.” ಶಾಲೆ ಇಪ್ಪತ್ತೊಂಬತ್ತಕ್ಕೆ ಶುರು. ಅಂದರೆ ಹನ್ನೊಂದು ದಿನ. ಬರುತ್ತೇನೋ ಇಲ್ಲವೋ ಎಂಬುದಕ್ಕೆ ಕೊನೆಯಲ್ಲಿ ಉತ್ತರ ಕೊಡುತ್ತೇನೆ. ಏಳು ಕುಂದು ಹುಡುಕಲು ನೀವು ಅಷ್ಟು ಕಷ್ಟಪಟ್ಟಿದ್ದೀರಿ, ಮೊದಲು ಅವಕ್ಕೆ ಮರ್ಯಾದೆ ಕೊಡೋಣ.

ಡಬ್ಬಿ ಎನ್ನುತ್ತೀರಲ್ಲ, ಅದು ಏನೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗೈ ಅಗಲದ ಕ್ಯಾಮೆರಾ. ಮುಂದೆ ಬಿಚ್ಚಲು ಬಾರದ ಒಂದೇ ಲೆನ್ಸು. ಒಳಗೆ ಮಾತ್ರ ನಿಮ್ಮ ಕುತ್ತಿಗೆ ಜಗ್ಗುವ ಆ ದೊಡ್ಡ ಕ್ಯಾಮೆರಾದಲ್ಲಿ ಇರುವಷ್ಟೇ ದೊಡ್ಡ ಸೆನ್ಸರು. ಬೆಳಕು ಬೀಳುವ ಜಾಗ ಹಿರಿದಾದಷ್ಟೂ ಕತ್ತಲಲ್ಲಿ ಚಿತ್ರ ಹದವಾಗಿ ಬರುತ್ತದೆ ಎಂದು ನನಗೆ ಕಲಿಸಿದವರು ನೀವೇ. ಕಲಿಸಿ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದಿರಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ನಿಮ್ಮ ಎರಡನೆಯ ಕುಂದಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ಖರೆ. ಬ್ಯಾಟರಿ ನಿಲ್ಲುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಹುನಗುಂದದ ಒಂದು ನಿಕಾಹ ಬೇಕಾಯಿತು. ನಮ್ಮವ್ವನ ಹತ್ತಿರ ಸೀರೆ ಒಯ್ದು ಮಾರುವ ಲಾಡಬಿ ನಿಮಗೆ ಗೊತ್ತು. ಅವಳ ಮಗಳು ನಾಹಿದಾಳ ನಿಕಾಹ ಈ ತಿಂಗಳ ಮೊದಲ ರವಿವಾರ ಆಯಿತು. ಹೆಂಗಸರ ಕೋಣೆಗೆ ಗಂಡಸರ ಕ್ಯಾಮೆರಾ ಬರಕೂಡದು, ಕಣ್ಣು ಕುಕ್ಕುವ ಲೈಟೂ ಬೇಡ ಎಂದು ಅವಳೇ ನನ್ನನ್ನು ಕರೆದಳು. ನಿಮ್ಮ ಗಿರಾಕಿಯನ್ನು ಕಸಿದುಕೊಂಡೆ ಎಂದು ಬರೆದಿದ್ದೀರಿ. ಆ ಕೋಣೆಯ ಬಾಗಿಲಲ್ಲಿ ನಿಮ್ಮನ್ನು ನಿಲ್ಲಿಸಿಕೊಳ್ಳುತ್ತಲೂ ಇರಲಿಲ್ಲ, ಕಸಿಯುವ ಮಾತೆಲ್ಲಿ ಬಂತು?

ಬೆಳಗಿನಿಂದ ಆಸೆಬುರುಕಿಯಂತೆ ತೆಗೆದೆ. ಮೆಹಂದಿಯ ಕೈ, ಅಜ್ಜಿಯ ಪಾನಿನ ಡಬ್ಬಿ, ಜಗಳಾಡುವ ಮಕ್ಕಳು, ದೊಡ್ಡ ತಾಟಿನ ಸುತ್ತ ಕೂತು ಉಣ್ಣುವವರು. ಮಧ್ಯಾಹ್ನ ಹುಡುಗಿಯ ಪರವಾಗಿ ವಕೀಲರೆಂದು ನಿಂತ ಸೋದರಮಾವ ಇಬ್ಬರು ಸಾಕ್ಷಿಗಳ ಜೊತೆ ಬಾಗಿಲಿಗೆ ಬಂದು ಹುಡುಗಿಯ ಒಪ್ಪಿಗೆ ಕೇಳಿದ. ನಾಹಿದಾ ತಲೆ ತಗ್ಗಿಸಿದಳು. ನಾನು ಗುಂಡಿ ಒತ್ತಿದೆ. ಸ್ಕ್ರೀನು ಕಪ್ಪಾಯಿತು. ‘ಕಬೂಲ್’ ಎಂದದ್ದು ನನ್ನ ಕಿವಿಗೆ ಬಿತ್ತು, ಕಾರ್ಡಿಗೆ ಬೀಳಲಿಲ್ಲ. ಎರಡನೆಯ ಬ್ಯಾಟರಿ ಇಳಕಲ್ಲಿನ ಮನೆಯಲ್ಲಿ ಚಾರ್ಜಿಗೆ ಹಚ್ಚಿದ್ದು ಹಾಗೇ ಉಳಿದಿತ್ತು.

ಇದನ್ನು ನಾನು ಮುಚ್ಚಿಡಬಹುದಿತ್ತು. ನೀವಾಗಿದ್ದರೆ ಇನ್ನೊಮ್ಮೆ ತಲೆ ತಗ್ಗಿಸು ಎಂದು ಹುಡುಗಿಯನ್ನು ಕೂರಿಸಿ ತೆಗೆಯುತ್ತಿದ್ದಿರಿ. ನಾನು ಲಾಡಬಿಯನ್ನು ಅಡುಗೆಮನೆಯ ಮೂಲೆಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ದನಿ ಏರಿಸಲಿಲ್ಲ. “ಊಟದ ತಾಟಿಂದು ನಲವತ್ತ ಫೋಟೋ ತಗದಿ. ನನ್ನ ಮಗಳ ಒಪ್ಪಿಗಿದು ಒಂದೂ ಇಲ್ಲಲ್ಲವ್ವಾ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ನಮ್ಮ ಮನೆಯ ಕಡೆ ಹಾಯಲಿಲ್ಲ. ಐದನೆಯ ದಿನ ಬಂದು, ಉಳಿದ ಫೋಟೋ ನೋಡುತ್ತ ಕೂತು, ಒಪ್ಪಿಗೆಗೆ ಸ್ವಲ್ಪ ಮೊದಲಿನದೊಂದನ್ನು ಎತ್ತಿಕೊಂಡಳು. ಅದರಲ್ಲಿ ನಾಹಿದಾ ತಂಗಿಯ ದುಪ್ಪಟ್ಟದ ಚುಂಗನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ. ಹಿಡಿದದ್ದು ಆ ತಂಗಿಗೂ ಗೊತ್ತಿರಲಿಲ್ಲವಂತೆ. ಆಲ್ಬಮ್ಮಿನ ಮೊದಲಿಗೆ ಅದನ್ನೇ ಹಾಕು ಎಂದಳು. ಇದರಿಂದ ನನ್ನ ತಪ್ಪು ಸರಿಹೋಗಲಿಲ್ಲ, ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಈಗ ಅವ್ವನ ಹಳೆಯ ಎಲೆ ಅಡಿಕೆಯ ಚಂಚಿಯಲ್ಲಿ ಮೂರು ಬ್ಯಾಟರಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತೇನೆ. ಬ್ಯಾಟರಿಗೆಲ್ಲ ಸುಣ್ಣದ ವಾಸನೆ.

ಒಂದನೆಯ ಕುಂದು: ಜೂಮ್ ಇಲ್ಲ. ಇಲ್ಲ ನಿಜ. ದೂರದ್ದು ಬೇಕಾದರೆ ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡಬೇಕು, ಮಾಡಿದಷ್ಟೂ ಸತ್ವ ಕಡಿಮೆಯಾಗುತ್ತದೆ. ಪಟ್ಟದಕಲ್ಲಿನ ಗುಡಿಯ ಮೇಲಿನ ಸಾಲಿನ ಶಿಲ್ಪ ತೆಗೆಯಲು ಹೋಗಿ ಆಕಾಶವನ್ನೇ ತೆಗೆದುಕೊಂಡು ಬಂದಿದ್ದೇನೆ. ಬಿಸಿಲಲ್ಲಂತೂ ಸ್ಕ್ರೀನಿನಲ್ಲಿ ಗುಡಿ ಕಾಣುವುದಿಲ್ಲ, ನನ್ನ ಮೂಗೇ ಕಾಣುತ್ತದೆ. ಇದನ್ನು ನನಗೆ ಮಾರಿದ ಬಾದಾಮಿಯ ಸತ್ಯಬೋಧ ಮಾಸ್ತರರು ಏನನ್ನೂ ಮುಚ್ಚಿಡಲಿಲ್ಲ. ಇಪ್ಪತ್ತು ವರ್ಷ ಗುಹೆಗಳ ಶಿಲ್ಪ ತೆಗೆದವರು, ಪ್ರಿಂಟಿಗೆಂದು ನಮ್ಮಲ್ಲಿಗೇ ಬರುತ್ತಿದ್ದವರು. ಈಗ ಮೊಣಕಾಲು ಮೆಟ್ಟಿಲು ಏರಗೊಡುವುದಿಲ್ಲವೆಂದು ಕ್ಯಾಮೆರಾ ಬಿಟ್ಟುಕೊಟ್ಟರು. ಕೊಡುವಾಗ ಹೇಳಿದ್ದು ಇಷ್ಟು: “ಇದು ಹತ್ತಿರ ಹೋಗೋರ ಕ್ಯಾಮೆರಾ ಅದ ನೋಡವಾ. ಅಂಜುವಾಕಿ ಇದ್ರ ತಗೋಬ್ಯಾಡ.”

ನಾನು ಅಂಜುವವಳೇ ಆಗಿದ್ದೆ. ನಿಮ್ಮ ಉದ್ದ ಲೆನ್ಸಿನಿಂದ ಮಂಟಪದ ಆ ತುದಿಗೆ ನಿಂತು ಈ ತುದಿಯವರ ಕಣ್ಣೀರು ತೆಗೆಯಬಹುದು, ಅವರ ಹೆಸರೂ ಕೇಳಬೇಕಿಲ್ಲ. ನನ್ನದರಲ್ಲಿ ಹಾಗಾಗುವುದಿಲ್ಲ. ಎರಡು ಹೆಜ್ಜೆಯ ಅಂತರಕ್ಕೆ ಹೋಗಬೇಕು. ಅಷ್ಟು ಹತ್ತಿರ ಹೋದ ಮೇಲೆ ಮಾತಾಡಿಸದೆ ಆಗುತ್ತದೆಯೇ? ಬೇಡ ಎಂದವರಿಗೆ ಕೈ ಮುಗಿದು ಹಿಂದೆ ಸರಿಯಬೇಕು. ಐದು ವಾರದಲ್ಲಿ ನಾನು ಮಾತಾಡಿಸಿದಷ್ಟು ಜನರನ್ನು ನಿಮ್ಮ ಸ್ಟುಡಿಯೋದಲ್ಲಿ ಹನ್ನೆರಡು ವರ್ಷದಲ್ಲಿ ಮಾತಾಡಿಸಿರಲಿಲ್ಲ. ಹನ್ನೆರಡು ವರ್ಷ ನಾನು ನೋಡಿದ್ದು ಮುಖಗಳನ್ನು, ಜನರನ್ನಲ್ಲ.

ಆದರೆ ತೀರಾ ಹತ್ತಿರ ಹೋದರೆ ಅಗಲ ಲೆನ್ಸು ಮುಖವನ್ನು ಕೆಡಿಸುತ್ತದೆ. ಇದು ನಿಮ್ಮ ನಾಲ್ಕನೆಯ ಕುಂದು, ಲೆನ್ಸು ಬದಲಿಸಲು ಬರುವುದಿಲ್ಲ ಎಂಬುದು. ಇಲ್ಲಿಗೆ ಬಂದ ಮೊದಲ ವಾರ ಉತ್ಸಾಹದಲ್ಲಿ ಅವ್ವನ ಮುಖದ ಹತ್ತಿರಕ್ಕೇ ಹಿಡಿದೆ. ಮೂಗು ಬದನೆಕಾಯಿಯಷ್ಟಾಯಿತು. ಎರಡು ದಿನ ಮಾತು ಬಿಟ್ಟಳು. ನಾನು ಎರಡು ಹೆಜ್ಜೆ ಹಿಂದೆ ಸರಿಯುವುದನ್ನು ಕಲಿತೆ. ಲೆನ್ಸು ಬದಲಿಸಲಾಗದಿದ್ದರೆ ನಿಂತ ಜಾಗ ಬದಲಿಸಬೇಕು, ಅಷ್ಟೆ. ನೀವು ಕ್ಯಾಮೆರಾದ ಮೇಲೆ ಹೊರಿಸಿದ ಕುಂದುಗಳಲ್ಲಿ ಅರ್ಧ ಕುಣಿಯಲಾರದವಳು ಅಂಗಳ ಡೊಂಕೆಂದ ಜಾತಿಯವು. ಕುಣಿದು ನೋಡಿಯೇ ಹೇಳುತ್ತಿದ್ದೇನೆ.

ನಿಮಗೆ ತಿಳಿಯದ ಕುಂದೊಂದನ್ನು ನಾನೇ ಸೇರಿಸುತ್ತೇನೆ, ಪಟ್ಟಿ ತುಂಬಲಿ. ಇದಕ್ಕೆ ಧೂಳು ತಡೆಯುವ ಶಕ್ತಿ ಇಲ್ಲ. ಅವ್ವನ ಮಗ್ಗದ ಹತ್ತಿಯ ಎಳೆಯೊಂದು ಹೇಗೋ ಒಳಹೊಕ್ಕು ಸೆನ್ಸರಿನ ಮೇಲೆ ಕೂತಿದೆ. ಲೆನ್ಸು ಬಿಚ್ಚಲು ಬರುವುದಿಲ್ಲವಾದ್ದರಿಂದ ಒರೆಸಲೂ ಬರುವುದಿಲ್ಲ. ಬೆಳ್ಳಗಿನ ಗೋಡೆ, ಆಕಾಶ ಎಲ್ಲೇ ತೆಗೆದರೂ ಬಲಗಡೆಯ ಮೂಲೆಯಲ್ಲಿ ಒಂದು ಬೂದು ಚುಕ್ಕೆ. ರಿಪೇರಿಗೆ ಹುಬ್ಬಳ್ಳಿಗೆ ಕಳಿಸಬೇಕಂತೆ, ವಾರಗಟ್ಟಲೆ ಬಿಡಬೇಕಂತೆ. ಬಿಟ್ಟಿರಲು ಮನಸ್ಸಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನಿರಿ, ಬೇಜಾರಿಲ್ಲ.

ಮೂರನೆಯದು ಫ್ಲ್ಯಾಶ್ ಇಲ್ಲ ಎಂಬುದು. ಇದನ್ನು ಕುಂದು ಎಂದು ಬರೆದ ಕೈಯನ್ನು ನಮ್ಮ ಮಗ್ಗದ ಕೋಣೆಗೆ ತಂದು ತೋರಿಸಬೇಕು. ನೀವು ಅಳಿಯನಾಗಿ ಆ ಕೋಣೆಯ ಹೊಸ್ತಿಲವರೆಗೆ ಬಂದು, ಸೆಖೆ ಎಂದು ತಿರುಗಿ ಹೋಗಿದ್ದೀರಿ. ಕುಣಿಮಗ್ಗದ ಕೋಣೆಗೆ ಇರುವುದು ಒಂದೇ ಕಿಟಕಿ. ಅವ್ವ ಕಾಲನ್ನು ನೆಲದ ಕುಣಿಯೊಳಗೆ ಇಳಿಬಿಟ್ಟು ಕೂತು, ಸೀರೆಯ ಮೈಯ ಉದ್ದೆಳೆಗಳ ಹಾಸಿಗೂ ಸೆರಗಿನ ಕೆಂಪು ರೇಷ್ಮೆ ಹಾಸಿಗೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕುತ್ತಾಳೆ. ಒಂದು ಎಳೆ ತಪ್ಪಿದರೆ ಸೆರಗಿನುದ್ದಕ್ಕೂ ತಪ್ಪು. ನಿಮ್ಮ ಲೈಟು ಹೊತ್ತಿಸಿದರೆ ಆ ಕೆಂಪು ಗುಲಾಬಿಯಾಗುತ್ತದೆ, ಅವ್ವನ ಕೈ ಬಿಳುಚುತ್ತದೆ, ಅವಳು ಎಳೆ ಬಿಟ್ಟು ಕಣ್ಣುಜ್ಜಿಕೊಳ್ಳುತ್ತಾಳೆ. ಈ ಕ್ಯಾಮೆರಾ ಕಿಟಕಿಯ ಬೆಳಕನ್ನೂ ಇಟ್ಟುಕೊಂಡಿತು, ಕುಣಿಯ ಕತ್ತಲನ್ನೂ ಇಟ್ಟುಕೊಂಡಿತು. ಹತ್ತರಲ್ಲಿ ಎಂಟು ಕೆಟ್ಟವು, ಅದನ್ನೂ ಹೇಳುತ್ತೇನೆ. ಕತ್ತಲಲ್ಲಿ ಇದರ ಫೋಕಸ್ ತಡಕಾಡುತ್ತದೆ, ನಿಮ್ಮ ಆರನೆಯ ಕುಂದು ಬರೋಬ್ಬರಿ ಇದೆ. ಉಳಿದ ಎರಡರಲ್ಲಿ ಒಂದನ್ನು ನೋಡಿ ಅವ್ವ ತನ್ನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡಳು. ನಲವತ್ತು ವರ್ಷ ಕೊಂಡಿ ಹಾಕಿದ ಕೈ. ಅದನ್ನು ಅವಳು ಚಿತ್ರದಲ್ಲಿ ನೋಡಿದ್ದು ಅದೇ ಮೊದಲು.

ಐದನೆಯ ಕುಂದಿಗೆ ಬಂದೆ. ಇದು ಆಟಿಕೆಯಂತೆ ಕಾಣುತ್ತದೆ, ಇದನ್ನು ಹಿಡಿದವಳಿಗೆ ಗಿರಾಕಿ ಕಿಮ್ಮತ್ತು ಕೊಡುವುದಿಲ್ಲ ಎಂದು ಬರೆದಿದ್ದೀರಿ. ಖರೆ, ಕೊಡುವುದಿಲ್ಲ. ದೊಡ್ಡ ಕ್ಯಾಮೆರಾ ಕಂಡರೆ ಜನ ಸೆರಗು ಸರಿಮಾಡಿಕೊಂಡು ಕಲ್ಲಾಗುತ್ತಾರೆ. ಇದನ್ನು ಕಂಡು ಯಾರೂ ಕಲ್ಲಾಗುವುದಿಲ್ಲ, ತಮ್ಮ ಪಾಡಿಗೆ ತಾವಿರುತ್ತಾರೆ. ಆ ಕಿಮ್ಮತ್ತು ನಿಮಗೇ ಇರಲಿ.

ಏಳನೆಯದು ನಿಮ್ಮದೇ ಮಾತಲ್ಲಿ: “ಗುಂಡಿ ಒತ್ತಿದರ ಸಪ್ಪಳನ ಇಲ್ಲ. ಫೋಟೋ ಬಿತ್ತೋ ಇಲ್ಲೋ ತಿಳಿಯಂಗಿಲ್ಲ. ಇದೇನ್ ಕ್ಯಾಮೆರಾ?” ಇದಕ್ಕೆ ಉತ್ತರವನ್ನು ಸದ್ಯ ಬಾಕಿ ಇಟ್ಟಿದ್ದೇನೆ.

ಈಗ ನೀವು ಬರೆಯದೆ ಬಿಟ್ಟದ್ದಕ್ಕೆ ಬರುತ್ತೇನೆ. ನಾನಿಲ್ಲದೆ ಹನ್ನೊಂದು ಆಲ್ಬಮ್ಮು ನಿಂತಿವೆ ಎಂದು ನಿಮ್ಮ ವಿಡಿಯೋದ ಯಮನೂರ ಫೋನಿನಲ್ಲಿ ಹೇಳಿದ. ಅವನನ್ನು ಬೈಯಬೇಡಿ, ನಾನೇ ಕೇಳಿದೆ. ಕಂಪ್ಯೂಟರಿನಲ್ಲಿ ‘ಬ್ರೈಡ್ ಥ್ರೀ’ ಎಂಬ ಸಿದ್ಧ ಸೆಟ್ಟಿಂಗು ಒತ್ತಿದರೆ ಮದುಮಗಳ ಮುಖ ಹಾಲಿನಂತಾಗುತ್ತದೆ, ಆದರೆ ಕಿವಿ, ಕುತ್ತಿಗೆ, ಕೈಗಳಿಗೆ ಆಮೇಲೆ ಕೈಯಾರೆ ಬಣ್ಣ ಹೊಂದಿಸಬೇಕು. ಆ ಕೆಲಸ ಬರುವುದು ನನಗೊಬ್ಬಳಿಗೇ. ಬ್ರೈಡ್ ಥ್ರೀ ಕಟ್ಟಿದ ಕೈಯೂ ನನ್ನದೇ. ಇದನ್ನು ನಿಮ್ಮ ಮೇಲೆ ಹಾಕಿ ಜಾರಿಕೊಳ್ಳುವುದಿಲ್ಲ. ಗಿರಾಕಿ ಕೇಳುತ್ತಾರೆ ಎಂದಿರಿ, ಹೌದು ಕೇಳುತ್ತಿದ್ದರು, ನಾನು ಮಾಡಿದೆ. ಮೊದಲು ಕೇಳಿದವರಿಗೆ ಮಾಡಿದೆ. ಆಮೇಲೆ ಕೇಳದವರಿಗೂ ಮಾಡಿದೆ. ಬಾಗಲಕೋಟೆ ಜಿಲ್ಲೆಯ ಎಷ್ಟು ಹೆಣ್ಣುಮಕ್ಕಳ ಮುಖ ತೊಳೆದಿದ್ದೇನೋ ಲೆಕ್ಕವಿಲ್ಲ.

ಮಾರ್ಚಿನಲ್ಲಿ ಬಾದಾಮಿಯಿಂದ ಆಲ್ಬಮ್ಮು ಒಯ್ಯಲು ಬಂದಿದ್ದ ರಾಮವ್ವ ಎಂಬ ಮುದುಕಿ ನಿಮಗೆ ನೆನಪಿದೆಯೇ? ಇಲ್ಲದೆ ಏನು. ಮೊಮ್ಮಗಳ ಮದುವೆಯ ಆಲ್ಬಮ್ಮು. ಮೊಮ್ಮಗಳು ಗಂಡನ ಮನೆಗೆ ಹೋಗಿ ತಿಂಗಳಾಗಿತ್ತು, ಮುಖ ನೋಡಲು ಜೀವ ಹಾತೊರೆದಿತ್ತು ಆ ಮುದುಕಿಗೆ. ನೀವು ಕೌಂಟರಿನ ಮೇಲೆ ಆಲ್ಬಮ್ಮು ತೆರೆದಿಟ್ಟಿರಿ. ಆಕೆ ಕನ್ನಡಕ ಏರಿಸಿ ನಾಲ್ಕು ಹಾಳೆ ತಿರುವಿ, “ಭಾಳ ಚಂದ ಅದಾಳವ್ವಾ. ಯಾರ ಮಗಳಿಕಿ? ನಮ್ಮ ಹುಡುಗಿ ಫೋಟೋ ಯಾವಾಗ ಬರ್ತಾವ?” ಎಂದಳು. ನೀವು ನಕ್ಕಿರಿ. ಅಜ್ಜಿಗೆ ಕಣ್ಣು ಮಂಜಾಗಿದೆ ಎಂದು ಜೊತೆಗೆ ಬಂದವರಿಗೆ ಹೇಳಿದಿರಿ. ಆಕೆಯ ಕಣ್ಣಿಗೆ ಏನೂ ಆಗಿರಲಿಲ್ಲ. ನಾನು ಹಿಂದಿನ ಕೋಣೆಯಿಂದ ಕೇಳಿಸಿಕೊಂಡು ಎದ್ದು ಬಂದೆ. ಆ ಮುದುಕಿ ಆಲ್ಬಮ್ಮಿನಲ್ಲಿ ಮೊಮ್ಮಗಳ ಕೈಯ ಹಚ್ಚೆ ಹುಡುಕುತ್ತಿದ್ದಳು. ಹಚ್ಚೆಯನ್ನೂ ನಾನೇ ಅಳಿಸಿದ್ದೆ.

ಅಂದೇ ಸಂಜೆ ಹೇಳಿದೆ, ಇನ್ನು ಬ್ರೈಡ್ ಥ್ರೀ ಮುಟ್ಟುವುದಿಲ್ಲ, ಮದುವೆಗೆ ನಾನೂ ಈ ಕ್ಯಾಮೆರಾ ಹಿಡಿದು ಬರುತ್ತೇನೆ, ಇದ್ದದ್ದು ಇದ್ದ ಹಾಗೆ ತೆಗೆಯುತ್ತೇನೆ ಎಂದು. ನೀವು ಯಮನೂರನ ಎದುರಿಗೇ, ಆ ಸಬಕಾರದ ಡಬ್ಬಿ ಹಿಡಿದು ಮದುವೆಗೆ ಬಂದರೆ ಗಿರಾಕಿ ಆರತಿ ಎತ್ತುತ್ತಾರೆ, ಸುಮ್ಮನೆ ಒಳಗೆ ಕೂತು ಕೆಲಸ ಮಾಡು ಎಂದಿರಿ. ಬಿಟ್ಟು ಬಂದದ್ದು ಆ ಮಾತಿಗೆ ಎಂದು ನೀವು ತಿಳಿದಿದ್ದೀರಿ. ಅಲ್ಲ. ಅಂಥ ಮಾತು ನನಗೆ ರೂಢಿ.

ಬಿಟ್ಟು ಬಂದದ್ದು ವಿದ್ಯಾಳ ಮಾತಿಗೆ. ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಮದುವೆಯ ಫೋಟೋ ಇದೆಯಲ್ಲ, ಹದಿನಾಲ್ಕು ವರ್ಷದಿಂದ ಗಿರಾಕಿಗೆ ಮಾದರಿ ಎಂದು ತೋರಿಸುತ್ತ ಬಂದದ್ದು. ಅದರಲ್ಲಿ ನನ್ನನ್ನು ನೀವೇ ಬೆಳ್ಳಗೆ ಮಾಡಿದ್ದು. ಆಗ ನನಗೆ ಆ ಕೆಲಸ ಬರುತ್ತಿರಲಿಲ್ಲ, ಕುತ್ತಿಗೆ ಕರ್ರಗೇ ಉಳಿದಿದೆ. ಪರೀಕ್ಷೆ ಮುಗಿದ ದಿನ ವಿದ್ಯಾ ಅದರ ಮುಂದೆ ನಿಂತು ಭಾಳ ಹೊತ್ತು ನೋಡಿದಳು. ಹನ್ನೆರಡು ತುಂಬಿದ ಹುಡುಗಿ, ನನ್ನ ಬಣ್ಣವನ್ನೇ ಹೊತ್ತು ಬಂದವಳು. ಆಮೇಲೆ ನನ್ನತ್ತ ತಿರುಗಿ ಕೇಳಿದಳು: “ಅವ್ವಾ, ಮದಿವ್ಯಾಗ ನೀ ಇಷ್ಟ ಬೆಳ್ಳಗಿದ್ದಿ. ಅಪ್ಪಾನ ಮನಿಗೆ ಬಂದಮ್ಯಾಲೆ ಕರ್ರಗಾದೇನು?”

ಮರುದಿನ ಇಳಕಲ್ಲಿನ ಬಸ್ಸು ಹತ್ತಿದೆ. ಚೀಲದಲ್ಲಿ ಅವಳ ನಾಲ್ಕು ಬಟ್ಟೆ, ನನ್ನ ನಾಲ್ಕು ಬಟ್ಟೆ, ಕ್ಯಾಮೆರಾ. ಆ ಮಾತನ್ನು ನಿಮಗೆ ಇವತ್ತಿನವರೆಗೆ ಹೇಳಿರಲಿಲ್ಲ. ಹೇಳಿದರೆ ನೀವು ಅವಳನ್ನು ಮುದ್ದು ಮಾಡಿ ಮರೆಸುತ್ತಿದ್ದಿರಿ. ಮರೆಸುವ ಮಾತಲ್ಲ ಅದು.

ಇಲ್ಲಿಗೆ ಬಂದ ಮೇಲೆ ನಾನು ಮಾಡಿದ್ದು ಇಷ್ಟು. ನಮ್ಮ ಓಣಿಯಲ್ಲಿ ಕೊಂಡಿ ಹಾಕುವ, ನೂಲು ಸುತ್ತುವ, ಬಣ್ಣ ಅದ್ದುವ ಹತ್ತು ಹೆಂಗಸರನ್ನು ಅವರವರ ಮನೆಯಲ್ಲೇ ತೆಗೆದೆ. ಇಲ್ಲಿನ ಸ್ಟುಡಿಯೋದಲ್ಲೇ ದೊಡ್ಡದಾಗಿ ಪ್ರಿಂಟು ಹಾಕಿಸಿದೆ, ಬಣ್ಣ ಮುಟ್ಟಬೇಡಿ ಎಂದು ಅವರ ತಲೆಯ ಮೇಲೆ ನಿಂತು ಹಾಕಿಸಿದೆ. ಹೋದ ರವಿವಾರ, ಬೆಳಿಗ್ಗೆ ಓಣಿಯಲ್ಲಿ ಹಾಸು ಹಾಯಿಸಲು ನೆಡುವ ಕೋಲುಗಳಿಗೇ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿಗಳಿಂದ ಸಿಕ್ಕಿಸಿದೆ. ಎಲ್ಲ ಸೇರಿ ಹನ್ನೊಂದು ಫೋಟೋ. ಜನ ಬಂದರು. ಮೊದಲು ನಕ್ಕರು. ಯಾರದೋ ಅತ್ತೆ ತನ್ನ ಸೊಸೆಯ ಚಿತ್ರ ನೋಡಿ, ಇಷ್ಟು ಕರ್ರಗಿಲ್ಲ ಬಿಡು ಎಂದಳು. ಸೊಸೆ ಪಕ್ಕದಲ್ಲೇ ನಿಂತಿದ್ದಳು. ಅತ್ತೆ ಅವಳನ್ನು ನೋಡಿದಳು, ಚಿತ್ರ ನೋಡಿದಳು, ಇದ್ದಾಳ್ ಬಿಡು ಎಂದಳು. ಆಮೇಲೆ ಆ ಪ್ರಿಂಟು ನನಗೇ ಬೇಕೆಂದು ಹಟ ಹಿಡಿದವಳೂ ಅದೇ ಅತ್ತೆ.

ಹತ್ತರಲ್ಲೂ ಒಂದಿಲ್ಲೊಂದು ಕುಂದು ಇದೆ. ಒಂದರಲ್ಲಿ ಕೈ ಅಲುಗಿದೆ, ಮೂರರಲ್ಲಿ ಆ ಹತ್ತಿಯ ಚುಕ್ಕೆ ಕಾಣುತ್ತದೆ. ನಿಮ್ಮ ಕಣ್ಣಿಗೆ ಬಿದ್ದರೆ ಇನ್ನೂ ಹತ್ತು ತಪ್ಪು ತೆಗೆಯುತ್ತೀರಿ, ತೆಗೆಯಿರಿ. ಆದರೆ ಹನ್ನೊಂದನೆಯದರ ಮುಂದೆ ಬಂದವರೆಲ್ಲ ನಿಂತುಬಿಟ್ಟರು. ಅವ್ವ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಳು. ಅಷ್ಟೇನೂ ಮೆಚ್ಚದ ಲಾಡಬಿ ಕೂಡ ಇದನ್ನು ತೆಗೆದದ್ದು ಯಾರು ಎಂದು ಕೇಳಿದಳು. ಮುಂದಿನ ತಿಂಗಳ ಎರಡು ಮದುವೆಗಳು ಆ ಚಿತ್ರ ನೋಡಿಯೇ ನನಗೆ ಒಪ್ಪಿಸಿದ್ದು. ಅದರ ಸಂಗತಿ ಆಮೇಲೆ.

ಈಗ ನಿಮ್ಮ ಕೊನೆಯ ಸಾಲಿಗೆ ಉತ್ತರ. ಡಬ್ಬಿ ಬಿಟ್ಟು ಬರುವುದಿಲ್ಲ. ಡಬ್ಬಿಯ ಜೊತೆ ಬರಬಹುದು. ಬಂದರೆ ಹಿಂದಿನ ಕೋಣೆಗೆ ಬರುವುದಿಲ್ಲ, ಮುಂಬಾಗಿಲಿನಿಂದ ಫೋಟೋ ತೆಗೆಯುವವಳಾಗಿ ಬರುತ್ತೇನೆ. ಬ್ರೈಡ್ ಥ್ರೀಯನ್ನು ನನ್ನ ಕೈಯಿಂದಲೇ ಅಳಿಸುತ್ತೇನೆ. ಗಾಜಿನ ಪೆಟ್ಟಿಗೆಯ ಆ ಮದುವೆ ಫೋಟೋ ನಾನು ಬರುವ ಮೊದಲೇ ಇಳಿದಿರಬೇಕು. ಆದದ್ದೆಲ್ಲ ಮರೆಯುತ್ತೇನೆ ಎಂದಿದ್ದೀರಿ. ಮರೆಯಬೇಡಿ, ದಯವಿಟ್ಟು ನೆನಪಿಡಿ. ಇದು ಆಗುವುದಿಲ್ಲವಾದರೆ ಇಲ್ಲಿನ ಶಾಲೆಯ ಅರ್ಜಿ ತಂದು ತುಂಬಿಸಿಟ್ಟಿದ್ದೇನೆ, ಪಾಲಕರ ಸಹಿಯ ಜಾಗದಲ್ಲಿ ನನ್ನದೇ ಸಹಿ ನಡೆಯುತ್ತದಂತೆ. ಇಪ್ಪತ್ತೆಂಟರವರೆಗೆ ಅದನ್ನು ಕೊಡುವುದಿಲ್ಲ. ಇದು ಬೆದರಿಕೆಯಲ್ಲ. ನಿಮ್ಮನ್ನು ಬಿಟ್ಟಿರುವುದು ನನಗೆ ಹಗುರವೂ ಅಲ್ಲ, ಸಂಜೆ ಆರೂವರೆಗೆ ನೀವು ಶಟರು ಎಳೆದು ಚಹಾ ಕೇಳುವ ಹೊತ್ತಿಗೆ ಇಲ್ಲಿ ನಾನು ಎರಡು ಕಪ್ಪು ಇಟ್ಟುಬಿಡುತ್ತೇನೆ. ಆದರೂ ಮಗಳು ಇನ್ನೊಮ್ಮೆ ಆ ಗಾಜಿನ ಮುಂದೆ ನಿಂತು ಆ ಪ್ರಶ್ನೆ ಕೇಳುವ ಮನೆಗೆ ನಾನು ಬರಲಾರೆ.

ಬೆಳಕು ಸಾಲದಿದ್ದರೂ ಸುಳ್ಳು ಬೆಳಕು ಬೇಡವೆನ್ನುವ,

ನಿಮ್ಮ
ಗೀತಾಂಜಲಿ

ಮರೆತ ಮಾತು: ಏಳನೆಯ ಕುಂದಿಗೆ ಉತ್ತರ ಬಾಕಿ ಇತ್ತು. ಹೋದ ದಸರೆಯ ಮುಂದೆ ಮಾಸ್ತರರಿಂದ ಕ್ಯಾಮೆರಾ ತಂದ ದಿನ, ನೀವು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಅದನ್ನು ಎರಡೇ ಬೆರಳಲ್ಲಿ ಎತ್ತಿ ನನ್ನ ಕಡೆ ಹಿಡಿದು ಗುಂಡಿ ಒತ್ತಿದಿರಿ. ಸಪ್ಪಳ ಬರಲಿಲ್ಲ. “ಇದು ಬಡಿಯೂದ ಇಲ್ಲಲ್ಲ” ಎಂದು ನಕ್ಕು ಮೇಜಿನ ಮೇಲೆ ಇಟ್ಟು ಹೋದಿರಿ. ಅದು ಬಡಿದಿತ್ತು, ಫೋಟೋ ಬಿದ್ದಿತ್ತು. ಹನ್ನೊಂದನೆಯ ಫೋಟೋ ಅದೇ. ಲೈಟಿಲ್ಲ, ನಿಲ್ಲು ನಗು ಎಂಬ ಮಾತಿಲ್ಲ. ಕಿಟಕಿಯ ಬೆಳಕಿನಲ್ಲಿ ನಾನು ಕಂಪ್ಯೂಟರಿನಿಂದ ತಲೆಯೆತ್ತಿ ನಿಮ್ಮನ್ನು ನೋಡುತ್ತಿದ್ದೇನೆ, ನನ್ನ ಬಣ್ಣದಲ್ಲೇ ಇದ್ದೇನೆ. ಹತ್ತಿಯ ಚುಕ್ಕೆ ಆಗಿನ್ನೂ ಬಿದ್ದಿರಲಿಲ್ಲ, ಇದೊಂದರಲ್ಲೇ ಕುಂದು ಸಿಗಲಿಲ್ಲ. ಓಣಿಯಲ್ಲಿ ತೂಗುಹಾಕುವಾಗ ಕೆಳಗೆ ‘ತೆಗೆದವರು: ಮಹಾಂತೇಶ, ನವನಗರ’ ಎಂದು ವಿದ್ಯಾಳಿಂದ ಬರೆಸಬೇಕೆಂದಿದ್ದೆ, ಧೈರ್ಯ ಸಾಲಲಿಲ್ಲ. ನಿನ್ನೆ ಬರೆಸಿದೆ. ಟೈಮರ್ ಹಚ್ಚಿ ನಾನೇ ತೆಗೆದುಕೊಂಡದ್ದು ಎಂದು ಎಲ್ಲರೂ ತಿಳಿದಿದ್ದರು, ನಾನೂ ಅಲ್ಲವೆಂದಿರಲಿಲ್ಲ. ಲಾಡಬಿಗೂ ಆ ಎರಡು ಮದುವೆಯವರಿಗೂ ಇದನ್ನು ತೆಗೆದದ್ದು ನಾನಲ್ಲ ಎಂದು ಇವತ್ತು ಹೇಳಿ ಬಂದೆ. ನಾಳೆ ಆ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಒಂದು ಪ್ರತಿ ಈ ಲಕೋಟೆಯಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿ ಜಾಗ ಖಾಲಿಯಾದರೆ ಇದನ್ನು ಇಡಿ. ಬೆಳ್ಳಗೆ ಮಾಡಲು ಹೋಗಬೇಡಿ, ಮೂಲದ ಕಾರ್ಡು ನನ್ನ ಚಂಚಿಯಲ್ಲಿದೆ.